ಕತ್ತು ಎತ್ತದೆ ಶಿಕಾಗೋ ನೋಡಿದ್ದು

ನನ್ನ ಕತ್ತಿಗೆ ಏನಾಗಿದೆ ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಹೆಸರು ಹೇಳಿದ್ದರು. ಮನೆಯಲ್ಲಿ ನಾವು ಅದನ್ನು ಸ್ಪಾಂಡಿಲೈಟಿಸ್ ಅಂತ ಮೊಟಕು ಮಾಡಿಕೊಂಡಿದ್ದೇವೆ. ಮೂವತ್ತನಾಲ್ಕು ವರ್ಷ ಬ್ಯಾಂಕಿನ ಲೆಡ್ಜರಿಗೆ ತಲೆ ಬಗ್ಗಿಸಿದ್ದಕ್ಕೆ ಪೆನ್ಶನ್ನಿನ ಜೊತೆ ಸಿಕ್ಕ ಇನಾಮು ಅದು. ಬಗ್ಗಿಸಿದರೆ ಈಗಲೂ ಅಷ್ಟೇನೂ ತೊಂದರೆಯಿಲ್ಲ. ಎತ್ತಿದರೆ ಮಾತ್ರ ಭುಜದಿಂದ ಕಿರುಬೆರಳಿನವರೆಗೆ ಕರೆಂಟು ಹೊಡೆದ ಹಾಗೆ ಜುಮ್ಮೆನ್ನುತ್ತದೆ. ಫ್ಯಾನು ಒರೆಸಬೇಡಿ, ಅಟ್ಟದಿಂದ ಡಬ್ಬ ಇಳಿಸಬೇಡಿ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಹಾಗೆ ಬರೆಸಿಕೊಳ್ಳಲು ಎಷ್ಟು ಕೊಟ್ಟಿರಿ ಅಂತ ನನ್ನ ಹೆಂಡತಿ ಆಗಾಗ ಕೇಳುತ್ತಾಳೆ.

ಇಂಥವನನ್ನು ಮಗ ಕರೆದುಕೊಂಡು ಹೋಗಿದ್ದು ಶಿಕಾಗೋಗೆ. ಮುಗಿಲು ಮುಟ್ಟುವ ಕಟ್ಟಡಗಳು ಹುಟ್ಟಿದ ಊರಿಗೆ!

ಮಗ ಇರುವುದು ಅದೇ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್ನಿನಲ್ಲಿ. ಅಲ್ಲಿ ಕತ್ತಿಗೆ ಯಾವ ಕೆಲಸವೂ ಇಲ್ಲ. ಊರು ದಾಟಿದರೆ ಮುಸುಕಿನ ಜೋಳ, ಅದು ಮುಗಿದರೆ ಸೋಯಾ, ಅದೂ ಮುಗಿದರೆ ಮತ್ತೆ ಜೋಳ. ನೆಲ ಲೆಡ್ಜರಿನ ಹಾಳೆಯಷ್ಟೇ ಚಪ್ಪಟೆ. ನಾವು ಹೋಗಿ ಒಂದು ತಿಂಗಳಾದ ಮೇಲೆ ಅವನಿಗೆ ಒಂದು ಶನಿವಾರ ಬಿಡುವು ಸಿಕ್ಕಿತು. ಒಂದೇ ದಿನ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ವಾಪಸು. ಫೋನಿನಲ್ಲಿ ಪಟ್ಟಿ ಮಾಡಿದ್ದ: ಒಟ್ಟು ಹನ್ನೊಂದು ಜಾಗ, ಪ್ರತಿಯೊಂದಕ್ಕೂ ಇಷ್ಟು ನಿಮಿಷ. ನಮ್ಮ ಬ್ಯಾಂಕಿಗೆ ಇನ್‌ಸ್ಪೆಕ್ಷನ್ನಿಗೆ ಬರುತ್ತಿದ್ದವರು ಕೂಡ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ. ಹೊರಡುವಾಗ ಇವಳು ಚೀಲಕ್ಕೆ ಒಂದು ಹಳೆಯ ಬೆಡ್‌ಶೀಟು ತುರುಕಿದಳು. "ಅಮ್ಮಾ, ನಾವೇನು ಜಾತ್ರೆಗೆ ಹೋಗ್ತಿದೀವಾ?" ಅಂದ ಮಗ. ಅವಳು ಉತ್ತರ ಕೊಡದೆ ಜಿಪ್ ಎಳೆದಳು.

ಎರಡೂವರೆ ಗಂಟೆ ರೈಲು. ಯೂನಿಯನ್ ಸ್ಟೇಷನ್ನಿನಿಂದ ಹೊರಗೆ ಬಂದು ಸೇತುವೆ ದಾಟಿದರೆ ವಿಲ್ಲಿಸ್ ಟವರ್. ಎಲ್ಲರೂ ನಿಂತಲ್ಲೇ ತಲೆ ಹಿಂದಕ್ಕೆ ಹಾಕಿದರು. ನಾನು ಬುಡ ನೋಡಿದೆ. ಬುಡ ಚೆನ್ನಾಗಿತ್ತು. ಬಾಗಿಲು, ಗಾಜು, ಸಿಗರೇಟು ಸೇದುತ್ತ ನಿಂತ ಒಬ್ಬ ಮನುಷ್ಯ. 110 ಮಹಡಿಯ ಕಟ್ಟಡವೂ ಮೊದಲ ಹತ್ತು ಅಡಿಯಲ್ಲಿ ನಮ್ಮ ಹಾಸನದ ಕಟ್ಟಡಗಳ ಹಾಗೇ ಇರುತ್ತದೆ.

ಅಲ್ಲೇ ನನಗೆ ಒಂದು ಉಪಾಯ ಹೊಳೆಯಿತು. ಫೋನನ್ನು ಸೆಲ್ಫಿಗೆ ತಿರುಗಿಸಿ, ಹೊಟ್ಟೆಯ ಹತ್ತಿರ ಅಂಗಾತ ಹಿಡಿದರೆ, ತಲೆ ತಗ್ಗಿಸಿಯೇ ಆಕಾಶ ನೋಡಬಹುದು! ಪರದೆಯಲ್ಲಿ ನನ್ನ ಮೂಗಿನ ಹೊಳ್ಳೆ, ಅದರ ಪಕ್ಕದಲ್ಲಿ ಕಪ್ಪಗೆ ಮೇಲಕ್ಕೆ ಹೋಗುತ್ತಿರುವ ವಿಲ್ಲಿಸ್ ಟವರ್. ಎರಡರಲ್ಲಿ ಮೂಗೇ ದೊಡ್ಡದು, ನಿಜ. ಆದರೆ ತುದಿ ಕಂಡಿತು. ಅಲ್ಲಿಂದ ದಿನವಿಡೀ ಹಾಗೇ ನಡೆದೆ. ಈ ಮುದುಕನಿಗೆ ಸೆಲ್ಫಿ ಹುಚ್ಚು ಎಷ್ಟು ಅಂತ ಅಲ್ಲಿನ ಹುಡುಗರು ನಕ್ಕಿರಬಹುದು.

ಈ ಕಟ್ಟಡವನ್ನು ನಿಲ್ಲಿಸಿದ ಎಂಜಿನಿಯರು ನಮ್ಮ ಕಡೆಯವರೇ ಅನ್ನಬೇಕು. ಫಜ್ಲುರ್ ರಹಮಾನ್ ಖಾನ್. 1929ರಲ್ಲಿ ಢಾಕಾದಲ್ಲಿ ಹುಟ್ಟಿದವರು. ಅಷ್ಟು ಎತ್ತರದಲ್ಲಿ ಭಾರಕ್ಕಿಂತ ಗಾಳಿಯದೇ ದೊಡ್ಡ ಕಾಟವಂತೆ. ಅದಕ್ಕೆ ಅವರು ಒಂಬತ್ತು ಚೌಕದ ಕೊಳವೆಗಳನ್ನು ಊದುಬತ್ತಿ ಕಟ್ಟಿನ ಹಾಗೆ ಒಟ್ಟಿಗೆ ಸೇರಿಸಿ ನಿಲ್ಲಿಸಿದರು. ಎರಡು ಕೊಳವೆ 50ನೇ ಮಹಡಿಗೆ ನಿಂತವು. ಎರಡು 66ಕ್ಕೆ, ಮೂರು 90ಕ್ಕೆ. ತುದಿಯವರೆಗೆ ಹೋದದ್ದು ಎರಡೇ. ನಮ್ಮ ಬ್ಯಾಚಿನಲ್ಲಿ ಒಟ್ಟಿಗೆ ಕ್ಲಾರ್ಕುಗಳಾಗಿ ಸೇರಿದವರ ಪ್ರಮೋಷನ್ನು ನೆನಪಾಯಿತು. ನಾನು 50ರಲ್ಲಿ ನಿಂತ ಕೊಳವೆ. ಆದರೆ ಕೆಳಗೆ ನಿಂತವು ಬಿಗಿಯಾಗಿ ಹಿಡಿದುಕೊಂಡಿರುವುದಕ್ಕೇ ಮೇಲಿನವು ಅಲ್ಲಾಡುವುದಿಲ್ಲ ಅಂತ ಮಗ ವಿವರಿಸಿದ. ಇದನ್ನು ಯಾರಾದರೂ ನಮ್ಮ ರೀಜನಲ್ ಮ್ಯಾನೇಜರಿಗೆ ಹೇಳಬೇಕಿತ್ತು.

103ನೇ ಮಹಡಿಗೆ ಲಿಫ್ಟು ಒಂದು ನಿಮಿಷ ಚಿಲ್ಲರೆಯಲ್ಲಿ ಒಯ್ಯುತ್ತದೆ. ಅಲ್ಲಿ ಗೋಡೆಯಿಂದ ನಾಲ್ಕು ಅಡಿ ಹೊರಗೆ ಚಾಚಿದ ಗಾಜಿನ ಪೆಟ್ಟಿಗೆಗಳಿವೆ. ನೆಲವೂ ಗಾಜು. ಕೆಳಗೆ 1,353 ಅಡಿ ಗಾಳಿ. ಬಗ್ಗಿ ನೋಡಬೇಡಿ ಎಂದು ಡಾಕ್ಟರು ಎಲ್ಲೂ ಬರೆದಿಲ್ಲ! ಇಡೀ ಊರಿನಲ್ಲಿ ನನಗೆಂದೇ ಮಾಡಿಸಿದ ಜಾಗ ಇದು ಅಂದುಕೊಂಡು ಧೈರ್ಯವಾಗಿ ಕಾಲಿಟ್ಟೆ. ಕತ್ತು ಒಪ್ಪಿತು. ಮಂಡಿ ಒಪ್ಪಲಿಲ್ಲ. ಇವಳು ನನ್ನನ್ನು ಸರಿಸಿ ಒಳಗೆ ಹೋಗಿ ಆ ಗಾಜಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು. "ಕೂತರೆ ಬೀಳಲ್ಲ ರೀ" ಎಂದಳು. ಹಿಂದೆ ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಅಲ್ಲಿಂದ ಆಡಮ್ಸ್ ಸ್ಟ್ರೀಟ್ ಹಿಡಿದು ಪೂರ್ವಕ್ಕೆ ನಡೆದೆವು. ಮಧ್ಯದಲ್ಲಿ ತಲೆಯ ಮೇಲೆ ಕಬ್ಬಿಣದ ಕಂಬಗಳ ಮೇಲೆ ರೈಲು ಹೋಗುತ್ತದೆ. ಊರಿನ ನಡುವೆ ಅದು ಸುತ್ತು ಹಾಕಲು ಶುರುಮಾಡಿದ್ದು 1897ರಲ್ಲಂತೆ. ಸದ್ದು ಕೇಳಿದರೆ ಅವತ್ತಿನಿಂದ ಎಣ್ಣೆ ಬಿಟ್ಟಿಲ್ಲ ಅನ್ನಿಸುತ್ತದೆ. ರಸ್ತೆಯ ಕೊನೆಯಲ್ಲಿ ಮಿಶಿಗನ್ ಅವೆನ್ಯೂ, ಎದುರಿಗೆ ಎರಡು ಕಂಚಿನ ಸಿಂಹಗಳು, ಅವುಗಳ ಹಿಂದೆ ಆರ್ಟ್ ಇನ್‌ಸ್ಟಿಟ್ಯೂಟ್. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತನಾಡಿದ್ದು ಇಲ್ಲಿಯೇ. ಸಿಂಹಗಳು ಬಂದದ್ದು ಮರುವರ್ಷ. ಅವತ್ತು ಬಾಗಿಲಲ್ಲಿ ಕಂಚಿನ ಸಿಂಹ ಇರಲಿಲ್ಲ, ಒಳಗೆ ಮಾತ್ರ ಒಂದು ಇತ್ತು ಅಂತ ಹೇಳಿ ಮೇಷ್ಟರ ಹಾಗೆ ಬೀಗಿದೆ. ಮಗನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ನಮ್ಮ ಶಾಲೆಯ ಪುಸ್ತಕದಲ್ಲಿ ಈ ಊರು 'ಚಿಕಾಗೋ' ಆಗಿತ್ತು. ಆ ಪಾಠ ಓದುವಾಗ ಅದೊಂದು ಊರು ಅಂತಲೇ ಅನ್ನಿಸಿರಲಿಲ್ಲ, ಭಾಷಣದ ಹೆಸರು ಅಂದುಕೊಂಡಿದ್ದೆ. ಹೊರಗೆ ಕಂಬದ ಮೇಲೆ 'ಸ್ವಾಮಿ ವಿವೇಕಾನಂದ ವೇ' ಎಂಬ ಕಂದು ಬೋರ್ಡು ಇದೆ. ಅದು ನನ್ನ ಮಿತಿಗಿಂತ ಎತ್ತರದಲ್ಲಿತ್ತು. ಇವಳು ಓದಿ ಹೇಳಿದಳು.

ಒಳಗೆ ಕತ್ತಿಗೆ ಸ್ವರ್ಗ. ಚಿತ್ರಗಳನ್ನೆಲ್ಲಾ ಕಣ್ಣಿನ ಮಟ್ಟಕ್ಕೇ ತೂಗುಹಾಕಿದ್ದಾರೆ. ಸೂರಾ ಎಂಬ ಫ್ರೆಂಚ್ ಕಲಾವಿದ ಒಂದು ಭಾನುವಾರದ ನದೀತೀರವನ್ನು ಗೋಡೆಯಗಲ ಬರೆದಿದ್ದಾನೆ, ಪೂರ್ತಿ ಚುಕ್ಕಿಗಳಲ್ಲಿ. ಹತ್ತಿರ ಹೋದರೆ ಬರೀ ಬಣ್ಣದ ಚುಕ್ಕಿ, ದೂರ ಸರಿದರೆ ಕೊಡೆ ಹಿಡಿದ ಹೆಂಗಸರು, ನಾಯಿ, ಒಂದು ಮಂಗ ಕೂಡ. ಇವಳು ಹತ್ತಿರ ಹೋದಳು, ದೂರ ಬಂದಳು, ಮತ್ತೆ ಹತ್ತಿರ ಹೋದಳು. ನಲವತ್ತು ವರ್ಷ ಬಾಗಿಲಿಗೆ ರಂಗೋಲಿ ಹಾಕಿದ ಕೈ ಅವಳದು. "ಪಾಪ, ಚುಕ್ಕಿ ಇಟ್ಟು ಎಳೆ ಎಳೆಯೋದೇ ಮರೆತಿದಾನೆ" ಅಂದಳು. ಇನ್ನೂ ಒಂದು ಗಂಟೆ ಅಲ್ಲೇ ಇರಬಹುದಿತ್ತು. ಪಟ್ಟಿಯ ಪ್ರಕಾರ ನಮಗೆ ಉಳಿದಿದ್ದು ನಾಲ್ಕು ನಿಮಿಷ.

ಮಧ್ಯಾಹ್ನ ಡೀಪ್ ಡಿಶ್ ಪಿಟ್ಜಾ. ಬಾಣಲೆಯಷ್ಟು ಆಳ, ಬೇಯಲು ಮುಕ್ಕಾಲು ಗಂಟೆ, ಅರಗಲು ಇನ್ನೂ ಲೆಕ್ಕ ಸಿಕ್ಕಿಲ್ಲ.

ಆಮೇಲೆ ದೋಣಿ. ಕಟ್ಟಡಗಳನ್ನು ತೋರಿಸುವುದಕ್ಕೆಂದೇ ನದಿಯಲ್ಲಿ ಒಂದೂವರೆ ಗಂಟೆ ಸುತ್ತಿಸುತ್ತಾರೆ. ಮೈಕು ಹಿಡಿದ ಹುಡುಗಿ "ಎಡಗಡೆ ಮೇಲೆ" ಅಂದರೆ ನೂರು ತಲೆ ಎಡಗಡೆ ಮೇಲೆ. "ಬಲಗಡೆ ಮೇಲೆ" ಅಂದರೆ ನೂರು ತಲೆ ಬಲಗಡೆ. ನಾನೊಬ್ಬ ನೀರು ನೋಡುತ್ತಿದ್ದೆ. ನೀರಿನಲ್ಲೂ ಕಟ್ಟಡಗಳಿದ್ದವು, ಸ್ವಲ್ಪ ಅಲ್ಲಾಡುತ್ತಿದ್ದವು ಅಷ್ಟೇ. ಮೆರೀನಾ ಸಿಟಿ ಅಂತ ಎರಡು ಗೋಪುರ, ಥೇಟ್ ಜೋಳದ ತೆನೆಗಳು. ಕೆಳಗಿನ ಹತ್ತೊಂಬತ್ತು ಮಹಡಿ ಬರೀ ಕಾರು ನಿಲ್ಲಿಸಲು. ನನಗೆ ಕಾರುಗಳವರೆಗೆ ಕಂಡಿತು.

ಆದರೆ ಕೆಳಗೆ ನೋಡುವವನಿಗೂ ಈ ಊರಿನಲ್ಲಿ ಬೇಕಾದಷ್ಟಿದೆ. ಈ ನದಿಯನ್ನೇ ತೆಗೆದುಕೊಳ್ಳಿ. ಅದು ಮೊದಲು ಮಿಶಿಗನ್ ಸರೋವರಕ್ಕೆ ಹೋಗಿ ಸೇರುತ್ತಿತ್ತು. ಊರಿನ ಕೊಳಕೆಲ್ಲಾ ನದಿಗೆ, ನದಿ ಸರೋವರಕ್ಕೆ, ಕುಡಿಯುವ ನೀರೂ ಅದೇ ಸರೋವರದ್ದು. ಅದಕ್ಕೆ 28 ಮೈಲಿ ಕಾಲುವೆ ತೋಡಿ, 1900ರಲ್ಲಿ ನದಿಯನ್ನು ಹಿಂದಕ್ಕೆ ಹರಿಯುವ ಹಾಗೆ ಮಾಡಿದರು. ಕೊಳಕು ಸರೋವರದ ಬದಲು ಮಿಸಿಸಿಪಿ ಕಡೆಗೆ ಹೊರಟಿತು. ಕೆಳಗಿನ ಮಿಸೌರಿ ರಾಜ್ಯದವರು ಕೋರ್ಟಿಗೆ ಹೋದರು. ನದಿ ನೀರಿನ ವ್ಯಾಜ್ಯ ಎಂದ ಕೂಡಲೇ ನಮಗಿಬ್ಬರಿಗೂ ಊರಿಗೆ ಬಂದ ಹಾಗಾಯಿತು. ಒಂದೇ ವ್ಯತ್ಯಾಸ. ನಾವು ನೀರು ಕೊಡೋದಿಲ್ಲ ಅಂತ ಜಗಳವಾಡಿದೆವು. ಅವರು ನಿಮ್ಮ ನೀರು ಬೇಡಪ್ಪಾ ಅಂತ ಜಗಳವಾಡಿದರು. ಅವರು ಗೆಲ್ಲಲಿಲ್ಲ.

ಅದಕ್ಕೂ ಮೊದಲು, 1850-60ರ ಸುಮಾರಿನಲ್ಲಿ, ಊರಿನ ನೆಲ ತಗ್ಗು, ಎಲ್ಲೆಲ್ಲೂ ಕೆಸರು, ಚರಂಡಿ ಹಾಕಲು ಇಳಿಜಾರೇ ಇಲ್ಲ. ಇವರು ಏನು ಮಾಡಿದರು ಗೊತ್ತಾ? ಕಟ್ಟಡಗಳಿಗೆ ಜಾಕು ಕೊಟ್ಟು ಎತ್ತಿದರು. ಬೆಂಗಳೂರಿನಲ್ಲಿ ಈಗ ರಸ್ತೆ ಎತ್ತರವಾಗಿ ಮನೆಗೆ ನೀರು ನುಗ್ಗಿದಾಗ ಮಾಡುತ್ತಾರಲ್ಲ, ಹಾಗೆ. ಒಳಗೆ ಜನ ಇದ್ದ ಹಾಗೇ ಹೋಟೆಲನ್ನು ಎತ್ತಿದ್ದೂ ಉಂಟಂತೆ. ಒಂದು ಊರಿಗೆ ಊರೇ ಕತ್ತು ಮೇಲೆತ್ತಿತು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಕೊನೆಯಲ್ಲಿ ಹಸುವಿನ ಕತೆ ಬಂತು. 1871ರ ಅಕ್ಟೋಬರ್ 8, ಭಾನುವಾರ ರಾತ್ರಿ ಒಂಬತ್ತರ ಸುಮಾರಿಗೆ, ಓಲಿಯರಿ ಎಂಬ ಹೆಂಗಸಿನ ಕೊಟ್ಟಿಗೆಯಲ್ಲಿ ಬೆಂಕಿ ಹೊತ್ತಿತು. ಸುಮಾರು 300 ಜನ ಸತ್ತರು. ಒಂದು ಲಕ್ಷ ಜನಕ್ಕೆ ಮನೆ ಇಲ್ಲದಂತಾಯಿತು, ಅಂದರೆ ಊರಿನ ಮೂರರಲ್ಲಿ ಒಬ್ಬರಿಗೆ. ಹಾಲು ಕರೆಯುವಾಗ ಹಸು ಲಾಟೀನು ಒದ್ದಿತು ಅಂತ ಸುದ್ದಿ ಹಬ್ಬಿತು. ಮೈಕಿನ ಹುಡುಗಿ ಇದನ್ನು ತಮಾಷೆಯಾಗಿಯೇ ಹೇಳಿದಳು. ದೋಣಿಯೆಲ್ಲಾ ನಕ್ಕಿತು. ಇವಳು ಮಾತ್ರ ಕೆಂಪಗಾದಳು. ಮದುವೆಯಾಗುವವರೆಗೂ ತೀರ್ಥಹಳ್ಳಿಯ ಕೊಟ್ಟಿಗೆಯಲ್ಲಿ ಹಾಲು ಕರೆದವಳು.

"ರಾತ್ರಿ ಒಂಬತ್ತಕ್ಕೆ ಯಾರು ರೀ ಹಾಲು ಕರೀತಾರೆ?"

ಮಗ ಫೋನು ನೋಡಿ ಹೇಳಿದ. ಓಲಿಯರಿಯೂ ಅದನ್ನೇ ಹೇಳಿದ್ದಳಂತೆ, ತಾನಾಗಲೇ ಮಲಗಿದ್ದೆ ಅಂತ. ಯಾರೂ ಕೇಳಲಿಲ್ಲ. 1997ರಲ್ಲಿ ಶಿಕಾಗೋ ನಗರಸಭೆ ಸೇರಿ ಆ ಹೆಂಗಸೂ ನಿರಪರಾಧಿ, ಹಸುವೂ ನಿರಪರಾಧಿ ಎಂದು ಠರಾವು ಮಾಡಿತು. 126 ವರ್ಷ ಬೇಕಾಯಿತು. ಕೊಟ್ಟಿಗೆಯಲ್ಲಿ ಹಾಲು ಕರೆದ ಒಬ್ಬಳನ್ನು ಕೇಳಿದ್ದರೆ ಒಂದು ನಿಮಿಷದ ಕೆಲಸ.

ಊರು ಸುಟ್ಟು ಬಯಲಾದ ಮೇಲೆ ಮತ್ತೆ ಕಟ್ಟಿದರು. ಪೇಟೆಯ ನೆಲಕ್ಕೆ ಬೆಲೆ ಏರಿತು, ಅಗಲಕ್ಕೆ ಜಾಗ ಸಾಲದೆ ಮೇಲಕ್ಕೆ ಹೋದರು. ಗೋಡೆಯ ಮೇಲೆ ಭಾರ ಹಾಕುವ ಬದಲು ಒಳಗೆ ಲೋಹದ ಅಸ್ಥಿಪಂಜರ ನಿಲ್ಲಿಸಿ, 1885ರಲ್ಲಿ ಹೋಮ್ ಇನ್ಶೂರೆನ್ಸ್ ಕಟ್ಟಡ ಕಟ್ಟಿದರು. ಮೊದಲ ಸ್ಕೈಸ್ಕ್ರೇಪರ್ ಎಂದು ಅದನ್ನೇ ಹೇಳುತ್ತಾರೆ. ಹತ್ತೇ ಮಹಡಿ. ಎದುರಿನ ಫುಟ್‌ಪಾತಿನಲ್ಲಿ ನಿಂತಿದ್ದರೆ ನಾನೂ ತುದಿಯವರೆಗೆ ನೋಡುತ್ತಿದ್ದೆನೋ ಏನೋ. 1931ರಲ್ಲಿ ಅದನ್ನು ಕೆಡವಿಬಿಟ್ಟರು.

ದೋಣಿ ಇಳಿದಾಗ ಪಟ್ಟಿಯಲ್ಲಿ ಇನ್ನೂ ನಾಲ್ಕು ಜಾಗ ಬಾಕಿ, ಗಂಟೆ ಐದು. ಮಿಲೇನಿಯಂ ಪಾರ್ಕಿಗೆ ಎಳೆದುಕೊಂಡು ಹೋದ. ಅಲ್ಲಿ ಅನೀಶ್ ಕಪೂರ್ ಮಾಡಿದ ಸ್ಟೀಲಿನ ದೊಡ್ಡ ಮುದ್ದೆ ಇದೆ. ಮುಂಬೈಯಲ್ಲಿ ಹುಟ್ಟಿದವರು. ಊರವರು ಅದನ್ನು ಬೀನ್ ಅನ್ನುತ್ತಾರೆ. ನಾವಾದರೆ ಹಿತಕಿದ ಅವರೆಕಾಳು ಅನ್ನುತ್ತಿದ್ದೆವು, ಹೊಳಪೂ ಅದೇ, ಬಾಗೂ ಅದೇ. 168 ಸ್ಟೀಲ್ ತಗಡುಗಳನ್ನು ಬೆಸೆದು ಉಜ್ಜಿದ್ದಾರೆ. ಎಷ್ಟು ಹುಡುಕಿದರೂ ಹೊಲಿಗೆ ಸಿಕ್ಕುವುದಿಲ್ಲ. ಅದರ ಎದುರು ಸುಮ್ನೆ ನೇರವಾಗಿ ನಿಂತೆ. ಬೆಳಗಿನಿಂದ ನನಗೆ ಕೈಕೊಟ್ಟ ತುದಿಗಳೆಲ್ಲಾ ಬಾಗಿಕೊಂಡು ಕಣ್ಣಿನ ಮಟ್ಟಕ್ಕೇ ಇಳಿದು ಬಂದಿದ್ದವು. ಮೋಡವೂ ಇತ್ತು. ಕೆಳಗೆ ನಾವು ಮೂವರು ಸಾಸಿವೆ ಕಾಳಿನಷ್ಟು. ಫೋನನ್ನು ಜೇಬಿಗೆ ಹಾಕಿದೆ.

"ಅಪ್ಪಾ, ಇನ್ನು ಫೌಂಟನ್ನು, ಆಮೇಲೆ..." ಎಂದು ಮಗ ಶುರುಮಾಡಿದ. ಇವಳು ಆಗಲೇ ಪಕ್ಕದ ಹುಲ್ಲಿನ ಮೈದಾನಕ್ಕೆ ಹೋಗಿ ಬೆಡ್‌ಶೀಟು ಕೊಡವಿ ಹಾಸುತ್ತಿದ್ದಳು. ಸುತ್ತಲೂ ಅಮೆರಿಕನ್ನರು ಅವರವರ ಚಾಪೆ ಹಾಸಿಕೊಂಡು ಬಿದ್ದಿದ್ದರು. ಮಗ ಬಾಯಿ ಮುಚ್ಚಿದ. ಆ ಪಾರ್ಕು ನಿಜವಾಗಿ ನೆಲವೇ ಅಲ್ಲ. ಕೆಳಗೆ ಕಾರುಗಳ ನಿಲ್ದಾಣ, ರೈಲಿನ ಹಳಿ, ಅವುಗಳ ಚಾವಣಿಯ ಮೇಲೆ ಮಣ್ಣು ಹಾಕಿ ಹುಲ್ಲು ಬೆಳೆಸಿದ್ದಾರೆ. ಅಂದರೆ ತಾರಸಿ. ತಾರಸಿಯ ಮೇಲೆ ಬೆಡ್‌ಶೀಟು ಹಾಸಿಕೊಂಡು ಮಲಗುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೆನ್ನು ನೆಲಕ್ಕೆ ತಾಗಿದ್ದೇ ತಡ, ಮೇಲೆ ಇದ್ದದ್ದೆಲ್ಲಾ ಎದುರಿಗೆ ಬಂತು. ಕತ್ತು ಒಂದಿಷ್ಟೂ ಎತ್ತದೆ. ಬಲಗಡೆ ಬೆಳ್ಳಗೆ, ಉದ್ದಕ್ಕೆ ನಿಂತದ್ದು ಆಯೋನ್ ಸೆಂಟರ್, 83 ಮಹಡಿ. ಅದಕ್ಕೆ ಮೊದಲು ಇಟಲಿಯ ಅಮೃತಶಿಲೆ ಹೊದಿಸಿದ್ದರಂತೆ. ತೆಳ್ಳಗೆ ಕೊಯ್ದ ಕಲ್ಲು ಇಲ್ಲಿನ ಚಳಿ ಬಿಸಿಲಿಗೆ ಬಾಗತೊಡಗಿ, ಇಪ್ಪತ್ತು ವರ್ಷದೊಳಗೆ ಅಷ್ಟನ್ನೂ ತೆಗೆದು ಗ್ರಾನೈಟ್ ಹಾಕಬೇಕಾಯಿತು.

"ಅದಕ್ಕೂ ಸ್ಪಾಂಡಿಲೈಟಿಸ್" ಅಂದೆ.

"ಏನ್ರೀ ಅಷ್ಟು ಹೊತ್ತಿಂದ ನೋಡ್ತಿದೀರಿ?" ಎಂದು ಇವಳು ನನ್ನ ಮುಖದ ಮೇಲೆ ಬಗ್ಗಿದಳು.

"ನೀನು ಅಡ್ಡ ಬಂದೆ, ಸ್ವಲ್ಪ ಸರಿ."

ಅವಳು ಗೊಣಗಿಕೊಂಡು ಪಕ್ಕದಲ್ಲಿ ಒರಗಿದಳು. ಆ ಕಡೆ ಮಗನೂ ಬೂಟು ಬಿಚ್ಚಿ ಮಲಗಿದ. ಬೆಡ್‌ಶೀಟು ಮೂವರಿಗೆ ಚಿಕ್ಕದಾಗಿತ್ತು. ಸ್ವಲ್ಪ ಹೊತ್ತಿಗೆ ಅವನ ಫೋನು ಮುಂದಿನ ಜಾಗಕ್ಕೆ ಹೊತ್ತಾಯಿತು ಎಂದು ಕೂಗಿಕೊಂಡಿತು. ಅವನು ಕಣ್ಣು ಬಿಡದೆ, ಕೈಯಾಡಿಸಿ ಹುಡುಕಿ, ಅದನ್ನು ಹುಲ್ಲಿನ ಮೇಲೆ ಬೋರಲು ಹಾಕಿದ.