ಸ್ವಂತ ಮಗನಿಗೆ ಫೋನ್ ಮಾಡೋಕೂ ಅಪಾಯಿಂಟ್‌ಮೆಂಟ್ ಬೇಕಂತೆ

ಅಪಾಯಿಂಟ್‌ಮೆಂಟ್ ಅಂತೆ! ಬಾಮೈದನ ಬಾಯಲ್ಲಿ ಈ ಮಾತು ಕೇಳಬೇಕಾಯಿತು. ಅದೂ ನನ್ನ ಮನೆಯಲ್ಲೇ ಕೂತು, ನಮ್ಮ ಮನೆ ಒಬ್ಬಟ್ಟನ್ನೇ ತಿಂದು, ಮೇಲೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿಸಿಕೊಂಡು.

ಎಲ್ಲರೂ ಹೊರಟುಹೋದರು. ಇವಳು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಾಳೆ. ಸಿಟ್ಟು ಯಾರ ಮೇಲೆ ಗೊತ್ತಾ? ಮಗನ ಮೇಲೆ ಅಲ್ಲ, ತಮ್ಮನ ಮೇಲೂ ಅಲ್ಲ. ನನ್ನ ಮೇಲೆ. "ಟಿವಿಗೆ ಹಾಕಿ ಅಂತ ನಿಮಗೆ ಯಾರು ಹೇಳಿದ್ರು?" ಅಂತೆ.

ಯಾರೂ ಹೇಳಲಿಲ್ಲ. ಯುಗಾದಿ ದಿನ, ಹಾಲ್ ತುಂಬ ನೆಂಟರು, ಅಮೆರಿಕದ ಸಿಯಾಟಲ್‌ನಲ್ಲಿರೋ ಮಗನ ಮುಖ ವಿಡಿಯೋ ಕಾಲ್‌ನಲ್ಲಿ ಸ್ವಲ್ಪ ದೊಡ್ಡದಾಗಿ ನೋಡೋಣ ಅನ್ನಿಸಿತು. ಆ 43 ಇಂಚಿನ ಟಿವಿ ಕೊಡಿಸಿದವನು ಅವನೇ. ಫೋನಿನಲ್ಲಿ ಇರೋದನ್ನು ಟಿವಿಯಲ್ಲಿ ಹೇಗೆ ತೋರಿಸೋದು ಅಂತ ಕಲಿಸಿದವನೂ ಅವನೇ.

ಇನ್ನು ಹೇಳದೆ ಕೇಳದೆ ಮಾಡಿದೆ ಅನ್ನೋ ಹಾಗೂ ಇಲ್ಲ. ಹಿಂದಿನ ದಿನವೇ ಮೆಸೇಜ್ ಹಾಕಿದ್ದೆ. "ನಾಳೆ ಹಬ್ಬ. ಮಾವ, ಅತ್ತೆ, ಎಲ್ಲ ಬರ್ತಾರೆ. ರಾತ್ರಿ ಎಂಟೂವರೆಗೆ ಮಾಡ್ತೀನಿ. ನಿನಗೆ ಬೆಳಗ್ಗೆ ಎಂಟು." ನೀಲಿ ಗೆರೆ ಎರಡೂ ಬಂತು. ಹಿಂದೆಯೇ ಒಂದು ಹೆಬ್ಬೆಟ್ಟು ಬಂತು. ಅಷ್ಟೇ ಉತ್ತರ. ನಮ್ಮಜ್ಜ ಸೊಸೈಟಿ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು. ಅವರಿಗೆ ಅಕ್ಷರ ಬರ್ತಿರಲಿಲ್ಲ. ತೋಟದ ಮೇಲೆ ಸಾಲ ಮಾಡಿ ಇವನನ್ನು ಎಂಎಸ್‌ಗೆ ಕಳಿಸಿದ್ದು ವಾಪಸ್ ಹೆಬ್ಬೆಟ್ಟು ಒತ್ತೋಕಾ?

"ನಿಮ್ಮ ಟೈಮ್ ಲೆಕ್ಕ ತಪ್ಪಿರಬೇಕು" ಅಂತ ದಯವಿಟ್ಟು ಯಾರೂ ಬರೆಯಬೇಡಿ. ಆ ಲೆಕ್ಕದಲ್ಲಿ ನಾನು ಪಂಚಾಂಗದವರಿಗಿಂತ ಗಟ್ಟಿ. ಮಾರ್ಚ್ ಎರಡನೇ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರೆ. ನವೆಂಬರ್ ಮೊದಲ ಭಾನುವಾರ ಮತ್ತೆ ಹಿಂದಕ್ಕೆ. ಚಳಿಗಾಲದಲ್ಲಿ ನಮಗೂ ಸಿಯಾಟಲ್‌ಗೂ 13 ಗಂಟೆ 30 ನಿಮಿಷ ವ್ಯತ್ಯಾಸ, ಈಗ 12 ಗಂಟೆ 30 ನಿಮಿಷ. ತಿಪಟೂರಿನಲ್ಲಿ ರಾತ್ರಿ ಎಂಟೂವರೆ ಅಂದರೆ ಅಲ್ಲಿ ಮೊನ್ನೆ ಮೊನ್ನೆವರೆಗೆ ಏಳು, ಈಗ ಎಂಟು. ಹಾಲ್‌ನಲ್ಲಿ ಎರಡು ಗಡಿಯಾರ ಸುಮ್ನೆ ನೇತು ಹಾಕಿದ್ದೀನಾ?

ಸರಿ, ಹಚ್ಚಿದೆ. ರಿಂಗ್ ಆಗ್ತಾ ಇದೆ. ಅವನು ಎತ್ತೋವರೆಗೂ ಟಿವಿ ತುಂಬ ನನ್ನದೇ ಮುಖ. ಫೋನನ್ನು ಕೆಳಗೆ ಹಿಡಿದಿದ್ದೆ ಅಂತ ಕಾಣುತ್ತೆ, ಮೂಗಿನ ಹೊಳ್ಳೆ, ಗದ್ದ, ಹಿಂದೆ ತಿರುಗುತ್ತಿರೋ ಫ್ಯಾನು. ಹಾಲ್‌ನಲ್ಲಿ ಇದ್ದವರೆಲ್ಲ ಅದನ್ನೇ ನೋಡ್ತಾ ಕೂತಿದ್ದಾರೆ. ಮಕ್ಕಳು ಕಿಸಕ್ ಅಂದವು. ರಿಂಗ್ ನಿಂತಿತು. ಎರಡನೇ ಸಲ ಹಚ್ಚಿದೆ. ಈ ಸಲ ಅವನೇ ಕಟ್ ಮಾಡಿದ. "ನೆಟ್‌ವರ್ಕ್ ಸರಿ ಇಲ್ಲ" ಅಂದೆ. ಯಾರೂ ಏನೂ ಕೇಳಿರಲಿಲ್ಲ.

ಆಗಲೇ ಬಿಟ್ಟುಬಿಡಬೇಕಿತ್ತು ಅಂತೀರಾ? ಬಿಡೋಕಾಗುತ್ತಾ? ನಮ್ಮ ಚಿಕ್ಕಮ್ಮ ಬೇವು ಬೆಲ್ಲದ ಬಟ್ಟಲು ಹಿಡಿದು ಟಿವಿ ಮುಂದೆ ನಿಂತುಬಿಟ್ಟಿದ್ದರು. ಮೊಮ್ಮಗನಿಗೆ ತೋರಿಸಿಯೇ ಕೂರೋದು ಅಂತ.

ಮೂರನೇ ಸಲ ಎತ್ತಿದ. ಕಾರಿನಲ್ಲಿದ್ದ. ಹಿಂದಿನ ಸೀಟಿನಲ್ಲಿ ಮಗು ಕಿರುಚ್ತಾ ಇತ್ತು. "ಏನಪ್ಪಾ? ಅಮ್ಮನಿಗೆ ಏನಾದ್ರೂ ಆಯ್ತಾ?" ಅಂದ. ಮುಖದಲ್ಲಿ ಗಾಬರಿ. "ಏನಿಲ್ಲ ಕಣೋ, ಹಬ್ಬ ಅಲ್ವಾ, ಎಲ್ಲರೂ ಇದ್ದಾರೆ ನೋಡು" ಅಂತ ಫೋನ್ ತಿರುಗಿಸಿದೆ. ಎಲ್ಲರೂ ಕೈ ಬೀಸಿದರು. ಚಿಕ್ಕಮ್ಮ ಬಟ್ಟಲು ಎತ್ತಿ ಹಿಡಿದರು. ನನಗಲ್ಲ, ಟಿವಿಗೆ.

ಅವನು ನೋಡಿದ. ನಗಲಿಲ್ಲ. "ಅಪ್ಪಾ, ಹೀಗೆ ಒಂದರ ಮೇಲೊಂದು ಕಾಲ್ ಮಾಡಿದ್ರೆ ನನಗೆ ಹೆದರಿಕೆ ಆಗುತ್ತೆ. ಮೀಟಿಂಗ್ ಇದೆ, ಮಗುನ ಡೇಕೇರ್‌ಗೆ ಬಿಡಬೇಕು. ಮೊದಲು ಒಂದು ಮೆಸೇಜ್ ಹಾಕಿ. ಫ್ರೀ ಇದ್ದೀಯಾ ಅಂತ ಕೇಳಿ. ಆಮೇಲೆ ಮಾಡಿ. ಎಲ್ಲರಿಗೂ ಹ್ಯಾಪಿ ಯುಗಾದಿ." ಕಟ್.

ನನಗೆ ಹೇಳಿದ್ದು. ಸ್ಪೀಕರ್ ಹಾಕಿದ ಫೋನಿನಲ್ಲಿ. ಇಡೀ ಬಳಗದ ಎದುರಿಗೆ.

ಯಾರೂ ಮಾತಾಡಲಿಲ್ಲ. ಆಗ ಬಾಮೈದ ಬಾಳೆಹಣ್ಣು ಸುಲೀತಾ ಕೇಳಿದ, "ಏನ್ ಭಾವ, ಅಪಾಯಿಂಟ್‌ಮೆಂಟ್ ತಗೊಂಡಿರಲಿಲ್ವಾ?"

ನಕ್ಕರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಯಾರು ಅಂದುಕೊಂಡಿರಿ? ನಾನೇ! ಹೊಟ್ಟೆಯೊಳಗೆ ಕುದೀತಾ ಇತ್ತು, ಬಾಯಿ ಹಲ್ಲು ಕಿರೀತಾ ಇತ್ತು. ಆಮೇಲೆ ಶುರುವಾಯಿತು ನೋಡಿ ಸಮಾಧಾನ. "ಪಾಪ, ಬ್ಯುಸಿ ಇರ್ತಾನೆ." "ಅಲ್ಲಿ ಜೀವನ ಹಂಗೇ ಅಲ್ವಾ." ಆ 'ಪಾಪ' ಅವನಿಗೆ ಹೇಳಿದ್ದಾ, ನನಗೆ ಹೇಳಿದ್ದಾ? ಬಾಮೈದನ ಮಗ, ಇಲ್ಲೇ ಕೊಬ್ಬರಿ ಮಂಡಿಯಲ್ಲಿ ಇರೋನು, ಎದ್ದು ಕುರ್ಚಿಗಳನ್ನೆಲ್ಲ ಒಳಗೆ ಜೋಡಿಸಿದ. "ನೀವು ಕೂತ್ಕೊಳ್ಳಿ ಮಾವ, ನಾನಿದ್ದೀನಲ್ಲ" ಅಂದ. ಒಳ್ಳೆ ಹುಡುಗ. ಆ ಹೊತ್ತಿಗೆ ಅವನ ಕಪಾಳಕ್ಕೆ ಬಾರಿಸೋ ಹಾಗಾಯಿತು.

ಮಗನ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಎಚ್‌1ಬಿ ವೀಸಾ, ಅಂದರೆ ಅಲ್ಲಿ ಕೆಲಸ ಮಾಡೋಕೆ ಅಂತ ಕೊಡೋ ವೀಸಾ. ಕೆಲಸ ಹೋದರೆ 60 ದಿನ ಟೈಮು, ಅಷ್ಟರಲ್ಲಿ ಬೇರೆ ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟೋ ಪರಿಸ್ಥಿತಿ. ಪಕ್ಕದ ಸೀಟಿನವನನ್ನು ಒಂದು ಇಮೇಲ್‌ನಲ್ಲಿ ಮನೆಗೆ ಕಳಿಸಿದರಂತೆ. ಅಲ್ಲೇ ಕಾಯಂ ಆಗಿ ಇರೋಕೆ ಕೊಡೋ ಗ್ರೀನ್ ಕಾರ್ಡ್ ವಿಷಯ ಕೇಳಲೇಬೇಡಿ. ಒಂದು ದೇಶದವರಿಗೆ ಶೇಕಡಾ 7ಕ್ಕಿಂತ ಜಾಸ್ತಿ ಕೊಡೋದಿಲ್ಲ ಅನ್ನೋ ಕಾನೂನಿದೆಯಂತೆ, ನಮ್ಮವರ ಸಾಲು ಕರಗೋದೇ ಇಲ್ಲ. ಊರಿಗೆ ಬಂದರೆ ಪಾಸ್‌ಪೋರ್ಟಿಗೆ ಮತ್ತೆ ವೀಸಾ ಸ್ಟ್ಯಾಂಪಿಂಗ್ ಆಗದೆ ಇಲ್ಲೇ ಸಿಕ್ಕಿಹಾಕಿಕೊಳ್ಳೋ ಭಯ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ತೆರೆದಾಗ ನಾನು ಪೇಪರ್ ಕತ್ತರಿಸಿ ಇಟ್ಟುಕೊಂಡಿದ್ದೆ. ಪೂರ್ತಿ ಓದಿದ ಮೇಲೆ ಗೊತ್ತಾಯಿತು, ಅಲ್ಲಿ ವೀಸಾ ಕೆಲಸ ಆಗಿನ್ನೂ ಶುರುವೇ ಆಗಿರಲಿಲ್ಲ ಅಂತ. ಮತ್ತೆ ಚೆನ್ನೈ, ಹೈದರಾಬಾದೇ ಗತಿ ಆಗಿತ್ತು. ಪಾಪ, ಅವನಾದರೂ ಏನು ಮಾಡ್ತಾನೆ. ಬೆಳಗ್ಗೆ ಎಂಟು ಗಂಟೆಗೆ ಮಗುವನ್ನು ಕಟ್ಟಿಕೊಂಡು ಕಾರು ಓಡಿಸೋನು ಬೇವು ಬೆಲ್ಲ ಎಲ್ಲಿಂದ ನೋಡ್ತಾನೆ. ಹೋಗಲಿ ಬಿಡಿ.

ಬಿಡೋದು ಹೇಗೆ? ಹೆಬ್ಬೆಟ್ಟು ಒತ್ತಿದ್ದ ತಾನೇ? ಆಗೋದಿಲ್ಲ ಅಂತ ಆಗಲೇ ಹೇಳೋಕೆ ಏನಾಗಿತ್ತು? "ಚಿಕ್ಕಜ್ಜಿ ಹೇಗಿದ್ದೀರಾ" ಅನ್ನೋಕೆ ಎಷ್ಟು ಹೊತ್ತು ಬೇಕು? ಆ ವಯಸ್ಸಾದವರು ನಿಂತಿದ್ದು ಕಾಣಲಿಲ್ವಾ?

ಇದೇ ಮಗರಾಯ ಓದೋಕೆ ಹೋದ ಹೊಸದರಲ್ಲಿ ನಮಗೆ ಮಧ್ಯರಾತ್ರಿ ಫೋನ್ ಮಾಡ್ತಿದ್ದ. ಬೇಳೆಗೆ ಎಷ್ಟು ವಿಷಲ್ ಅಮ್ಮಾ, ಸಾರಿನ ಪುಡಿ ಒಗ್ಗರಣೆಗೆ ಮುಂಚೆ ಹಾಕೋದಾ ಆಮೇಲಾ. ಇವಳು ಎದ್ದು ಕೂತು, ಕಣ್ಣು ಉಜ್ಜಿಕೊಂಡು, ಕುಕ್ಕರ್ ಕೂಗೋವರೆಗೂ ಲೈನಿನಲ್ಲೇ ಇರ್ತಿದ್ದಳು. ಆಗ "ಮೊದಲು ಮೆಸೇಜ್ ಹಾಕಪ್ಪಾ" ಅಂತ ನಾವು ಹೇಳಿದ್ವಾ?

ನನ್ನ ಅವಸ್ಥೆ ನೋಡಿ ಈಗ. ಸಿಯಾಟಲ್‌ನಲ್ಲಿ ಇವತ್ತು ಎಷ್ಟು ಡಿಗ್ರಿ, ಮಳೆ ಎಷ್ಟು ಗಂಟೆಗೆ ಅಂತ ಕೇಳಿ, ಥಟ್ಟಂತ ಹೇಳ್ತೀನಿ. ನಮ್ಮ ತೋಟದ ಬೋರ್‌ವೆಲ್ ಕೆಟ್ಟಿದ್ದು ಗೊತ್ತಾಗಿದ್ದು ಪಕ್ಕದ ತೋಟದವನು ಹೇಳಿದ ಮೇಲೆ. ರಾತ್ರಿ ಎದ್ದರೆ ಮೊದಲು ಅವನ ಲಾಸ್ಟ್ ಸೀನ್ ನೋಡ್ತೀನಿ. ಊಟದ ಹೊತ್ತಿಗೆ ಆನ್‌ಲೈನ್ ಇದ್ದರೆ "ಏನೋ ಊಟ ಮಾಡಲಿಲ್ವಾ" ಅಂತ ಟೈಪ್ ಮಾಡಿ, ಅಳಿಸಿ, ಒಂದು ಗಣೇಶನ ಚಿತ್ರ ಕಳಿಸ್ತೀನಿ. ಅದಕ್ಕೂ ಹೆಬ್ಬೆಟ್ಟು. ಹೈಸ್ಕೂಲ್ ಹೆಡ್‌ಮಾಸ್ಟರ್ ಆಗಿ ರಿಟೈರ್ ಆದವನು ನಾನು. ಹುಡುಗರು ನನ್ನ ರೂಮಿಗೆ ಬರಬೇಕಾದರೆ ಬಾಗಿಲಲ್ಲಿ ನಿಂತು "ಮೇ ಐ ಕಮಿನ್ ಸಾರ್" ಅನ್ನಬೇಕಿತ್ತು. ಈಗ ಆ ಬಾಗಿಲಲ್ಲಿ ನಾನೇ ನಿಂತಿದ್ದೀನಿ.

ಹೊರದೇಶದಲ್ಲಿ ಇರೋ ಹುಡುಗರು ಯಾರಾದರೂ ಇದನ್ನು ಓದ್ತಾ ಇದ್ದರೆ ಉತ್ತರ ಕೊಡಿ. ಬೈಯೋದಿಲ್ಲ, ಸುಮ್ನೆ ತಿಳ್ಕೊಳ್ಳೋಕೆ ಕೇಳ್ತೀನಿ. ನಿಮ್ಮಪ್ಪ ಫೋನ್ ಮಾಡಿದಾಗ ನಿಮಗೂ ಮೊದಲು ಬರೋದು ಹೆದರಿಕೆನಾ? ಊರಿಂದ ಬರೋ ಕಾಲ್ ಅಂದರೆ ಸಾವಿನ ಸುದ್ದಿನೇ ಅಂದುಕೊಂಡುಬಿಟ್ಟಿದ್ದೀರಾ? ಹಾಗಾದರೆ ಒಬ್ಬಟ್ಟು ಮಾಡಿದ್ದೀವಿ ಅಂತ ಹೇಳೋಕೆ ನಾವು ಯಾವ ನಂಬರಿಗೆ ಮಾಡಬೇಕು? ಅಪ್ಪಂದಿರೇ, ನೀವೂ ಹೇಳಿ. ನಿಮ್ಮ ಮಕ್ಕಳು ಮೊದಲ ರಿಂಗಿಗೇ ಎತ್ತುತ್ತಾರಾ? ಸುಳ್ಳು ಹೇಳಬೇಡಿ. ನಾನೂ ಬಾಮೈದನ ಹತ್ತಿರ ಹಾಗೇ ಹೇಳಿಕೊಂಡು ತಿರುಗಿದವನು.

ಇನ್ನು ನಾನಾಗಿ ಫೋನ್ ಮಾಡೋದಿಲ್ಲ. ತೀರ್ಮಾನ ಆಯಿತು. ಬೇಕಾದರೆ ಅವನೇ ಮಾಡಲಿ.

ಇದನ್ನು ಬರೀತಾ ಇರುವಾಗಲೇ ಮೆಸೇಜ್ ಬಂತು. "ಸಾರಿ ಅಪ್ಪಾ, ಬೆಳಗ್ಗೆ ಗಡಿಬಿಡಿ ಆಯ್ತು. ಭಾನುವಾರ ಸಂಜೆ ಮಾಡ್ತೀನಿ." ಅವನ ಭಾನುವಾರ ಸಂಜೆ ಅಂದರೆ ನಮಗೆ ಸೋಮವಾರ ಬೆಳಗ್ಗೆ. ನಮ್ಮ ಭಾನುವಾರ ಸಂಜೆ ಅಂದರೆ ಅವನಿಗೆ ಇನ್ನೂ ಬೆಳಗಿನ ಜಾವ. ಯಾವುದು ಅಂತ ಬರೆದಿಲ್ಲ. ಕೇಳೋಣ ಅಂದರೆ ನಾನು ಮಾತು ಬಿಟ್ಟಿದ್ದೀನಿ. ಇವಳು ಕೇಳಲ್ಲ. ಸೋಮವಾರ ಬೆಳಗ್ಗೆ ಬೋರ್‌ವೆಲ್ ರಿಪೇರಿಯವನು ಬರ್ತಾನೆ, ತೋಟದಲ್ಲಿ ಸಿಗ್ನಲ್ ಇರಲ್ಲ. ಅವನಿಗೆ ಬರಬೇಡ ಅಂತ ಹೇಳಲೋ ಬೇಡವೋ, ಯಾರಾದರೂ ಹೇಳಿ.