ದೆವ್ವಕ್ಕೆ ಹಿಟ್ ಪಾಯಿಂಟ್ ಕೊಡಬೇಡಿ

ಟೇಬಲ್ ಸುತ್ತ ಆಡೋ ಕತೆಯಾಟದಲ್ಲಿ ದೆವ್ವಕ್ಕೆ ಹಿಟ್ ಪಾಯಿಂಟ್ (ಎಷ್ಟು ಏಟು ತಿಂದ್ರೆ ಬೀಳತ್ತೆ ಅನ್ನೋ ಲೆಕ್ಕ) ಕೊಟ್ರೆ ಅದು ತೋಟಕ್ಕೆ ನುಗ್ಗಿದ ಕಾಟಿ ಆಗ್ಬಿಡತ್ತೆ. ಎಲ್ರೂ ಸೇರಿ ಗಲಾಟೆ ಮಾಡಿ ಓಡಿಸ್ತಾರೆ, ಮುಗೀತು. ನಮ್ಮ ಚಿಕ್ಕಮಗಳೂರಲ್ಲಿ ಹೊಸದಾಗಿ ಗೇಮ್ ಮಾಸ್ಟರ್ ಆಗೋಕೆ ಹೊರಟ ಹುಡುಗರು ಬಂದು ಮೊದಲು ಕೇಳೋದೇ "ಅಣ್ಣ, ಮೋಹಿನಿಗೆ ಎಷ್ಟು ಪವರ್ ಇಡ್ಲಿ?" ಅಂತ. ಒಬ್ಬೊಬ್ಬರಿಗೂ ಹೇಳೋ ಬದಲು ಇಲ್ಲೇ ಬರೀತಿದ್ದೀನಿ.

ಗೊತ್ತಿಲ್ಲದವರಿಗೆ: ಇದು ಕಂಪ್ಯೂಟರ್ ಆಟ ಅಲ್ಲ. ನಾಲ್ಕೈದು ಜನ ಟೇಬಲ್ ಸುತ್ತ ಕೂತು ಒಂದೊಂದು ಪಾತ್ರ ಹಿಡಿದು ಮಾತಲ್ಲೇ ಕತೆ ಕಟ್ಟೋದು. ಮಿಕ್ಕ ಲೋಕವೆಲ್ಲ ಗೇಮ್ ಮಾಸ್ಟರ್ ತಲೆ ಮೇಲೆ. ಇಂಥ ಆಟಗಳಲ್ಲಿ, 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ರಾಕ್ಷಸರು ಗುಹೆಯಲ್ಲಿದ್ರು. 1991ರಲ್ಲಿ ಬಂದ 'ವ್ಯಾಂಪೈರ್: ದ ಮಾಸ್ಕರೇಡ್'ನಲ್ಲಿ ರಕ್ತಪಿಶಾಚಿಗಳು ಇವತ್ತಿನ ಪೇಟೆಯಲ್ಲೇ ಮನುಷ್ಯರ ಕಣ್ಣು ತಪ್ಪಿಸಿ ಬದುಕ್ತಾವೆ. ಅರ್ಬನ್ ಫ್ಯಾಂಟಸಿ ಅಂದ್ರೆ ಈ ಜಾತಿದು. ಐ.ಜಿ. ರಸ್ತೆಯ ಟ್ರಾಫಿಕ್ಕು, ಹಾರ್ನು, ಪಾರ್ಕಿಂಗ್ ಜಗಳ ಎಲ್ಲ ಹಾಗೇ ಇರಬೇಕು. ಅಲ್ಲಿ ನಿಂತಿರೋ ಒಬ್ಬಳಿಗೆ ಮಾತ್ರ ನೆರಳು ಬೀಳಬಾರದು.

ನಾನು ನೋಟ್‌ಬುಕ್ಕಲ್ಲಿ ಒಂದೊಂದು ದೆವ್ವಕ್ಕೂ ಬರ್ಕೊಳ್ಳೋದು ಎರಡೇ ಸಾಲು. ಇದಕ್ಕೆ ಯಾರಿಂದ ಏನು ಬರಬೇಕಿದೆ? ಇದು ಯಾವ ಕಟ್ಟು ಮೀರಲ್ಲ? ಬಲ, ವೇಗ, ಹಲ್ಲಿನ ಉದ್ದ ಎಲ್ಲ ಆಮೇಲೆ ನೋಡ್ಕೊಂಡ್ರಾಯ್ತು, ಬೇಕಾದ್ರೆ.

ಮಲೆನಾಡಲ್ಲಿ ಹುಟ್ಟಿದವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಗದ್ದೆ-ತೋಟದ ದೈವ ಚೌಡಿ ಕೆಟ್ಟವಳು ಅಂತ ಯಾರಾದ್ರೂ ಹೇಳ್ತಾರಾ? ವರ್ಷಕ್ಕೊಮ್ಮೆ ಅವಳ ಪಾಲಿನ ಎಡೆ ಇಟ್ರೆ ಗದ್ದೆ, ತೋಟ, ದನ ಎಲ್ಲ ಕಾಯ್ತಾಳೆ. ಮರೆತ್ರೆ ನೆನಪು ಮಾಡ್ತಾಳೆ. ನಮ್ಮ ಆಟದಲ್ಲಿ ಪೇಟೆ ಅಂಚಿನ ಹಳೇ ಕಾಫಿ ತೋಟ ಲೇಔಟ್ ಆಗಿತ್ತು; ಚೌಡಿ ಕಲ್ಲು ಯಾವುದೋ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಕೆಳಗೆ ಹೂತು ಹೋಗಿತ್ತು. ದಿನಾ ಒಂದು ಕಾರಿನ ಒಳಗಡೆ, ಗಾಜು ಏರಿಸಿದ್ದರೂ, ಸೀಟಿನ ಮೇಲೆ ಹಸಿ ಕೆಸರು. ಹುಡುಗರು ಮಂತ್ರವಾದಿ ಹುಡುಕಿದ್ರು, ತಾಯತ ಕಟ್ಟಿದ್ರು. ಕೊನೆಗೆ ಒಬ್ಬಳು ಪಾರ್ಕಿಂಗ್‌ನಲ್ಲೇ ಕೂತು "ಏನು ಬೇಕಮ್ಮ ನಿಂಗೆ?" ಅಂತ ಕೇಳಿದ್ಳು. ಚೌಡಿಗೆ ಎಡೆ ಬೇಕು, ಆದ್ರೆ ಜಾಗ ಯಾರ ಹೆಸರಲ್ಲಿದೆಯೋ ಅವರ ಕೈಯಿಂದಲೇ ಬೇಕು. ಆಮೇಲೆ ಆ ಸೆಷನ್ ಪೂರ್ತಿ ಖಾತೆ ಯಾರ ಹೆಸರಲ್ಲಿದೆ ಅಂತ ಹುಡುಕೋದರಲ್ಲೇ ಹೋಯ್ತು. ಸತ್ಯ ಹೇಳ್ತೀನಿ, ಕತ್ತಿ ಹಿಡಿದ ಯಾವ ಕಾಳಗದಲ್ಲೂ ಅಷ್ಟು ಜೋರು ನಡೆದಿಲ್ಲ.

ಕಟ್ಟಿನ ವಿಷಯಕ್ಕೆ ಬರೋಣ. 90ರ ದಶಕದಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೀತಿದ್ದದ್ದು ನೆನಪಿದೆಯಲ್ಲ? ರಾತ್ರಿ ಪರಿಚಯದವರ ದನಿಯಲ್ಲಿ ಕರೆಯೋ ದೆವ್ವ ಬರತ್ತೆ, ಓದತ್ತೆ, ವಾಪಸ್ ಹೋಗತ್ತೆ. ನಮ್ಮ ಆಟದಲ್ಲಿ ಬಸವನಹಳ್ಳಿ ಕಡೆಯ ಒಂದು ಮನೆಗೆ ಮದುವೆ ಅಂತ ಹೊಸ ಪೇಂಟ್ ಹೊಡೆಸಿದ್ರು, ಬರಹ ಅಳಿಸಿಹೋಯ್ತು. ಬಾಗಿಲು ಬಡಿಯೋ ಹೊತ್ತಿಗೆ ಒಬ್ಬ ಕಿಟಕಿಯಿಂದ ಕೈ ಚಾಚಿ ಸೀಮೆಸುಣ್ಣದಲ್ಲಿ ಬರೆದ. ನಾವು ಆಡೋದು 'ಅರ್ಬನ್ ಶ್ಯಾಡೋಸ್' ಅನ್ನೋ ಆಟದ ನಿಯಮದಲ್ಲಿ: ಎರಡು ದಾಳ, 10 ಅಥವಾ ಜಾಸ್ತಿ ಬಂದ್ರೆ ಅಂದುಕೊಂಡಿದ್ದು ಆಗತ್ತೆ, 7ರಿಂದ 9 ಬಂದ್ರೆ ಆಗತ್ತೆ ಆದ್ರೆ ಏನಾದ್ರೂ ತೆರಬೇಕು, 6 ಅಥವಾ ಕಮ್ಮಿ ಆದ್ರೆ ನನ್ನ ಕೈಗೆ ಸಿಕ್ಕಿಬಿದ್ರು. ಅವನಿಗೆ 8 ಬಿತ್ತು. ಬಡಿಯೋದು ನಿಂತಿತು. ಹೊರಗಿಂದ ಅವನ ಅತ್ತೆಯ ದನಿ ಕೇಳಿತು: "ನಾಳೆ ಎಷ್ಟು ಹೊತ್ತಿಗೆ ಬರ್ಲಪ್ಪ?"

ಟೇಬಲ್ ತಣ್ಣಗಾಯ್ತು. ರೂಪ ವರ್ಣಿಸೋ ಗೋಜಿಗೇ ನಾನು ಹೋಗಿರಲಿಲ್ಲ. ಅಲೌಕಿಕದ ಆಟಕ್ಕೆ ಈ 7ರಿಂದ 9ರ ನಡುವಿನ ಜಾಗವೇ ಬಂಗಾರ. ಆ ನಿಯಮದಲ್ಲಿ ಪಾತ್ರಗಳ ನಡುವೆ ಋಣದ ಲೆಕ್ಕ ಬೇರೆ ಇಡ್ತಾರೆ. ಉಪಕಾರ ತಗೊಂಡ್ರೆ ಬರೆದಿಡಬೇಕು, ಕೇಳಿದಾಗ ತೀರಿಸಬೇಕು. ನಮ್ಮ ಕಡೆ ಹರಕೆ ಹೊತ್ತು ಮರೆತವರ ಕತೆ ಕೇಳಿ ಬೆಳೆದವರಿಗೆ ಇದು ಎರಡು ನಿಮಿಷದಲ್ಲಿ ಅರ್ಥ ಆಗತ್ತೆ.

ಒಂದು ಎಚ್ಚರಿಕೆ. ಹಾಸನದ ಗೆಳೆಯರು ಹಾಸನಾಂಬೆ ಗುಡೀನ ಆಟಕ್ಕೆ ತನ್ನಿ ಅಂತಾರೆ. ವರ್ಷಕ್ಕೊಮ್ಮೆ ತೆರೆಯೋ ಬಾಗಿಲು, ಆರದ ದೀಪದ ನಂಬಿಕೆ, ಯಾವ ಗೇಮ್ ಮಾಸ್ಟರಿಗೆ ಆಸೆ ಆಗಲ್ಲ? ಆದ್ರೆ ಜನ ಕೈ ಮುಗಿಯೋ ದೇವಿಯನ್ನ ನನ್ನ ಬಾಯಿಂದ ಮಾತಾಡಿಸೋದು ನನಗೆ ಸರಿ ಅನ್ಸಲ್ಲ. ಬಾಗಿಲ ಆಚೆ ನಾನು ಹೋಗಲ್ಲ, ಹೊರಗಿನ ಸಾಲು ಸಾಕು. ಹೋದ ವರ್ಷದಿಂದಲೂ ಆ ಸಾಲಲ್ಲೇ ನಿಂತಿರೋ ಒಬ್ಬ ಮನುಷ್ಯ, ವಿಶೇಷ ದರ್ಶನದ ಟಿಕೆಟ್ ಇದ್ರೂ ಮುಂದೆ ಹೋಗಲಾರ. ಇಷ್ಟಿದ್ರೆ ಒಂದು ರಾತ್ರಿ ಆಟ ನಡೆಯತ್ತೆ.

ಮೈಮೇಲೆ ಬರೋ ದೃಶ್ಯವೂ ಅಷ್ಟೇ. ಎಷ್ಟೋ ಮನೆಗಳಲ್ಲಿ ಅದು ನಿಜವಾಗಿ ನಡೆಯೋ ವಿಷಯ, ಯಾರ ಅಮ್ಮನೋ ಅಜ್ಜಿಯೋ ಇರ್ತಾರೆ. ಆಟ ಶುರು ಮಾಡೋ ಮೊದಲೇ ಕೇಳಿಬಿಡಿ. ಟೇಬಲ್ ಮಧ್ಯೆ ಎಕ್ಸ್ ಕಾರ್ಡ್ (X ಅಂತ ಬರೆದ ಕಾರ್ಡು) ಇಡಿ. ಯಾರಾದ್ರೂ ಮುಟ್ಟಿದ್ರೆ ಕಾರಣ ಕೇಳದೆ ಆ ದೃಶ್ಯ ಬಿಟ್ಟು ಮುಂದೆ ಹೋಗಿ. ಹೀಗೆ ಮಾಡಿದ್ರೆ ಭಯವೇ ಹೋಗತ್ತೆ ಅಂತ ಒಬ್ಬ ವಾದ ಮಾಡ್ತಾನೆ. ಅವನೇ ಸೀಮೆಸುಣ್ಣ ಹಿಡಿದವನು, ಆವತ್ತು ಕಾರ್ಡ್ ಟೇಬಲ್ ಮೇಲೇ ಇತ್ತು.

ಮುಂದಿನ ಕತೆ ಹಾಸನದ ಹತ್ತಿರದ ಶೆಟ್ಟಿಹಳ್ಳಿಯ ಪಾಳು ಚರ್ಚಿನದು. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರು ಅದನ್ನ ಅರೆಬರೆ ಮುಳುಗಿಸತ್ತೆ, ಬೇಸಿಗೆಯಲ್ಲಿ ನಡ್ಕೊಂಡೇ ಒಳಗೆ ಹೋಗಬಹುದು. ನೀರಿಗೆ ಊರು ಬಿಟ್ಟುಕೊಟ್ಟವರ ಕಡೆಯಿಂದ ಕೇಳೋಕೆ ಬಂದವರು ಯಾರು ಅಂತ ಈಗಲೇ ಹೇಳಲ್ಲ. ಒಬ್ಬರ ಜಾಗ ಖಾಲಿ ಇದೆ, ದಾಳ ನಾನೇ ಕೊಡ್ತೀನಿ.