638ರ ಎರಡು ಆಜ್ಞೆಗಳು

"ದೇಶ ಗಟ್ಟಿಯಾಗಿರಬೇಕು ಅಂದ್ರೆ ಎಲ್ಲರ ನಂಬಿಕೆಯೂ ಒಂದೇ ಆಗಿರಬೇಕು, ಹಿಂದಿನ ರಾಜರಿಗೆ ಇದು ಗೊತ್ತಿತ್ತು" ಅನ್ನೋ ಥರದ ಪೋಸ್ಟ್‌ಗಳು ಈಗೀಗ ಜಾಸ್ತಿ ಕಾಣುತ್ತಿವೆ. ಯಾವ ರಾಜರಿಗೆ ಗೊತ್ತಿತ್ತಪ್ಪಾ? ಸುಮ್ನೆ ಒಂದು ದಶಕ ತೆಗೆದು ನೋಡೋಣ. ಕ್ರಿ.ಶ. 630ರ ದಶಕ.

ದಶಕದ ಶುರುವಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಹೆಸರು, ಕಾನ್‌ಸ್ಟಾಂಟಿನೋಪಲ್‌ನಿಂದ ಆಳುತ್ತಿದ್ದ ರೋಮನ್ ಚಕ್ರವರ್ತಿ ಹೆರಾಕ್ಲಿಯಸ್. 614ರಲ್ಲಿ ಪರ್ಷಿಯನ್ನರು ಜೆರುಸಲೇಮ್ ಲೂಟಿ ಮಾಡಿ ಯೇಸುವನ್ನು ಏರಿಸಿದ್ದೆಂದು ಕ್ರೈಸ್ತರು ನಂಬುವ ಪವಿತ್ರ ಶಿಲುಬೆಯನ್ನೇ ಹೊತ್ತೊಯ್ದಿದ್ದರು. ಅವರನ್ನು ಸೋಲಿಸಿ, 630ರಲ್ಲಿ ಈತ ಅದನ್ನು ವಾಪಸ್ ತಂದಿಟ್ಟ. ಖಜಾನೆ ಖಾಲಿ, ಸೈನ್ಯ ಸುಸ್ತು. ಆದರೂ ಅವನ ತಲೆ ತಿನ್ನುತ್ತಿದ್ದ ಚಿಂತೆ ಇನ್ನೊಂದಿತ್ತು. ಯೇಸುವಿನ ದೈವ ಸ್ವಭಾವ, ಮನುಷ್ಯ ಸ್ವಭಾವ ಎರಡೋ, ಕೂಡಿ ಒಂದೋ? 451ರಲ್ಲಿ ಕ್ಯಾಲ್ಸಿಡನ್‌ನಲ್ಲಿ ಸೇರಿದ್ದ ಚರ್ಚಿನ ಮಹಾಸಭೆ ಎರಡು ಅಂದಿತ್ತು. ಸಿರಿಯಾ, ಈಜಿಪ್ಟಿನ ಬಹಳಷ್ಟು ಕ್ರೈಸ್ತರು ಒಪ್ಪಿರಲಿಲ್ಲ. ಜಗಳಕ್ಕೆ ಆಗಲೇ ಸುಮಾರು 180 ವರ್ಷ.

ಹೆರಾಕ್ಲಿಯಸ್ ರಾಜಿ ಸೂತ್ರ ಹುಡುಕಿದ. ಸ್ವಭಾವ ಎರಡಿರಲಿ, ಇಚ್ಛೆ ಮಾತ್ರ ಒಂದೇ. 638ರಲ್ಲಿ ಇದನ್ನೇ 'ಎಕ್ಥೆಸಿಸ್' ಎಂಬ ಆಜ್ಞೆ ಮಾಡಿ ರಾಜಧಾನಿಯ ದೊಡ್ಡ ಚರ್ಚು ಹೇಗಿಯಾ ಸೋಫಿಯಾದ ಪಡಸಾಲೆಯಲ್ಲಿ ಅಂಟಿಸಿದರು. ಆದರೆ ಆಗಲೇ ಮನೆ ಅರ್ಧ ಕೈಬಿಟ್ಟಿತ್ತು. 632ರಲ್ಲಿ ಪ್ರವಾದಿ ಮುಹಮ್ಮದರು ತೀರಿಕೊಂಡರು. ಎರಡೇ ವರ್ಷಕ್ಕೆ ಅರಬ್ ಸೈನ್ಯ ಪ್ಯಾಲೆಸ್ಟೈನ್ ಒಳಗಿತ್ತು. 634ರ ಕ್ರಿಸ್ಮಸ್ ದಿನ ಜೆರುಸಲೇಮಿನ ಧರ್ಮಗುರು ಸೊಫ್ರೋನಿಯಸ್ ತಮ್ಮ ಪ್ರವಚನದಲ್ಲಿ, ದಾರಿ ಅರಬರ ಕೈಯಲ್ಲಿದೆ, ಬೆತ್ಲೆಹೆಮ್‌ಗೆ ಹೋಗಲಾಗುತ್ತಿಲ್ಲ ಎಂದು ಗೋಳಾಡಿದರು. ಬೆತ್ಲೆಹೆಮ್ ಎಷ್ಟು ದೂರ? ಎರಡು ಗಂಟೆ ನಡಿಗೆ! 636ರಲ್ಲಿ ಯರ್ಮೂಕ್ ಕದನದಲ್ಲಿ ರೋಮನ್ ಸೈನ್ಯ ನುಚ್ಚುನೂರಾಯಿತು. ಮುಂದೆ ಇದೇ ಸೊಫ್ರೋನಿಯಸ್ ಖಲೀಫ ಉಮರ್‌ಗೆ ಊರು ಒಪ್ಪಿಸಿದರು. ತಮಾಷೆ ನೋಡಿ, ಚಕ್ರವರ್ತಿಯ ರಾಜಿ ಸೂತ್ರವನ್ನು ಜೋರಾಗಿ ವಿರೋಧಿಸಿದವರೂ ಇವರೇ.

ಈಜಿಪ್ಟಿನ ಕಥೆ ಇನ್ನೂ ಕೆಟ್ಟದು. ಅಲ್ಲಿ ಸೂತ್ರ ಜಾರಿ ಮಾಡಲು ಸೈರಸ್ ಎಂಬ ಧರ್ಮಗುರುವನ್ನು ಕಳಿಸಿದರು. ಹಿಂಸೆ ತಾಳಲಾಗದೆ ಸ್ಥಳೀಯ ಕಾಪ್ಟಿಕ್ ಕ್ರೈಸ್ತರ ಗುರು ಬೆಂಜಮಿನ್ ವರ್ಷಗಟ್ಟಲೆ ತಲೆಮರೆಸಿಕೊಂಡರು. 641ರಲ್ಲಿ ಅಲೆಕ್ಸಾಂಡ್ರಿಯಾವನ್ನು ಅರಬರಿಗೆ ಬಿಟ್ಟುಕೊಡುವ ಒಪ್ಪಂದ ಮಾಡಿಕೊಂಡದ್ದು ಯಾರು ಅಂದುಕೊಂಡಿರಿ? ಅದೇ ಸೈರಸ್.

ಧರ್ಮದ ಜಗಳದಿಂದಲೇ ಸಾಮ್ರಾಜ್ಯ ಹೋಯಿತು ಅಂತ ನಾನು ಹೇಳುತ್ತಿಲ್ಲ. 26 ವರ್ಷದ ಪರ್ಷಿಯಾ ಯುದ್ಧವೇ ಅರ್ಧ ಕೊಂದಿತ್ತು. ಆದರೆ ಎಲ್ಲರನ್ನೂ ಒಂದು ಮಾಡುವ ಆಜ್ಞೆಯಿಂದ ಒಂದು ಊರೂ ಉಳಿಯಲಿಲ್ಲ ಅನ್ನುವುದಂತೂ ನಿಜ. 681ರಲ್ಲಿ ಚರ್ಚಿನ ಮಹಾಸಭೆ ಆ ಸೂತ್ರವೇ ಧರ್ಮದ್ರೋಹ ಎಂದು ತೀರ್ಮಾನಿಸಿ, ಅದಕ್ಕೆ ಹೂಂಗುಟ್ಟಿದ್ದ ಪೋಪ್ ಹೊನೋರಿಯಸ್‌ಗೂ ಶಾಪ ಹಾಕಿತು. ಅವರು ಸತ್ತು 40 ವರ್ಷ ದಾಟಿತ್ತು!

ಈಗ ಅದೇ 638ಕ್ಕೆ ಚೀನಾಗೆ ಬನ್ನಿ. ಮೂರು ವರ್ಷದ ಹಿಂದೆ ಅಲೋಪೆನ್ ಎಂಬ ಪೂರ್ವ ಸಿರಿಯಾ ಪಂಥದ ಕ್ರೈಸ್ತ ಸನ್ಯಾಸಿ ರಾಜಧಾನಿ ಚಾಂಗಾನ್‌ಗೆ ಬಂದಿದ್ದ. ಟ್ಯಾಂಗ್ ಚಕ್ರವರ್ತಿ ತೈಜಾಂಗ್ ಅವನ ಗ್ರಂಥಗಳನ್ನು ಅನುವಾದ ಮಾಡಿಸಿದ, ಓದಿಸಿ ನೋಡಿದ. ಆಮೇಲೆ ಆಜ್ಞೆ ಹೊರಡಿಸಿದ. ದಾರಿಗೆ ಒಂದೇ ಹೆಸರು ಅಂತಿಲ್ಲ, ಇದರಿಂದ ಜನಕ್ಕೆ ಒಳ್ಳೆಯದಾಗುತ್ತದೆ, ಪ್ರಚಾರ ಮಾಡಿಕೊಳ್ಳಲಿ. ರಾಜಧಾನಿಯಲ್ಲೇ ಒಂದು ಮಠ, 21 ಸನ್ಯಾಸಿಗಳು. 781ರಲ್ಲಿ ನಿಲ್ಲಿಸಿದ ಶಿಲಾಶಾಸನದಲ್ಲಿ ಇದೆಲ್ಲ ಇದೆ, ಕಲ್ಲು ಇವತ್ತಿಗೂ ಶಿಆನ್‌ನ (ಅಂದಿನ ಚಾಂಗಾನ್) ಮ್ಯೂಸಿಯಂನಲ್ಲಿದೆ.

ತೈಜಾಂಗ್ ಸಾಧು ಮನುಷ್ಯ ಏನಲ್ಲ ಬಿಡಿ. ಅಣ್ಣ ತಮ್ಮ ಇಬ್ಬರನ್ನೂ ಕೊಂದು, ಅಪ್ಪನನ್ನು ಕೆಳಗಿಳಿಸಿ ಪಟ್ಟಕ್ಕೆ ಬಂದವನು. 845ರಲ್ಲಿ ಅವನದೇ ವಂಶದ ಇನ್ನೊಬ್ಬ ದೊರೆ ಬೌದ್ಧರ ಜೊತೆ ಈ ಕ್ರೈಸ್ತರನ್ನೂ ಓಡಿಸಿದ. ಆದರೂ 200 ವರ್ಷ ಬಾಳಿದರು, ಅಲ್ವಾ?

ಅಷ್ಟು ದೂರ ಯಾಕೆ? ಇದೇ ದಶಕದಲ್ಲಿ, 634-35ರಲ್ಲಿ, ನಮ್ಮ ಐಹೊಳೆಯಲ್ಲಿ ಕವಿ ರವಿಕೀರ್ತಿ ಜಿನಾಲಯ ಕಟ್ಟಿಸಿ ಶಾಸನ ಬರೆದ. ಅವನ ದೊರೆ ಇಮ್ಮಡಿ ಪುಲಕೇಶಿ. ಚಾಲುಕ್ಯರ ಲಾಂಛನ ವಿಷ್ಣುವಿನ ವರಾಹ. ಶಾಸನ ಶುರುವಾಗುವುದು ಮಾತ್ರ ಜಿನೇಂದ್ರನ ಸ್ತುತಿಯಿಂದ. ಪುಲಕೇಶಿ ಹರ್ಷನನ್ನು ಸೋಲಿಸಿದ ಸುದ್ದಿಯೂ ಅದರಲ್ಲೇ ಇದೆ. ದೊರೆಯ ಪರಮ ಅನುಗ್ರಹ ಪಡೆದು ಈ ಗುಡಿ ಕಟ್ಟಿಸಿದೆ ಅಂತ ಕವಿಯೇ ಬರೆದುಕೊಂಡಿದ್ದಾನೆ. ಜೊತೆಗೆ ಕಾಳಿದಾಸ, ಭಾರವಿಗೆ ತಾನು ಸಮ ಅಂತಲೂ! ಐಹೊಳೆಗೆ ಹೋದವರು ದುರ್ಗದ ಗುಡಿ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ ಬರಬೇಡಿ. ಮೇಗುತಿ ಗುಡ್ಡ ಹತ್ತಿ. ರವಿಕೀರ್ತಿಯ ಜಿನಾಲಯ ಇರೋದು ಅಲ್ಲೇ, 19 ಸಾಲಿನ ಶಾಸನ ಅದರ ಗೋಡೆಯಲ್ಲೇ ಇದೆ.